ಎಸಿ ಗ್ಯಾಸ್ ಹೋಗಿದ್ದು ಎಲ್ಲಿಗೆ?

ಎಲ್ಲರಿಗೂ ನಮಸ್ಕಾರ. ಓಝೋನ್ ದಿನ, ನಾಲ್ಕು ಮಾತಾಡಿ ಅಂದರು. ಕಂಪ್ರೆಸರ್, ಕಂಡೆನ್ಸರ್ ಏನು ಅಂತ ಐಟಿಐ ಹುಡುಗರಿಗೆ ನಾನು ಹೇಳಬೇಕಿಲ್ಲ. ಕಾರಿನ ಎಸಿ ರಿಪೇರಿಯಲ್ಲಿ ನನ್ನ ಜಗಳ ಒಂದೇ ಮಾತಿನ ಮೇಲೆ: 'ಗ್ಯಾಸ್ ಹೋಗಿದೆ ಸಾರ್, ಹಾಕಿಬಿಡ್ತೀನಿ.' ಹೋಗಿದ್ದು ಎಲ್ಲಿಗೆ ಅಂತ ಗಿರಾಕಿಯೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಪೆಟ್ರೋಲಿನ ಹಾಗೆ ಉರಿದು ಮುಗಿಯುವ ವಸ್ತುವಲ್ಲ ಅದು. ಕೂಲಿಂಗ್ ಬಿಡುವಷ್ಟು ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿದೆ.

ಥಾಮಸ್ ಮಿಡ್ಜ್ಲಿಯ ಕಥೆ ಗೊತ್ತಲ್ವಾ? ಅಮೆರಿಕದವನು. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ, ತಂಪು ಮಾಡಲು ಬಳಸುವ ಆರ್-12 ಎಂಬ ಹೊಸ ಗ್ಯಾಸನ್ನು ಎಲ್ಲರೆದುರೇ ಮೂಗಿಗೆ ಎಳೆದುಕೊಂಡ. ಉರಿಯುತ್ತಿದ್ದ ಮೇಣದ ಬತ್ತಿಯ ಮೇಲೆ ಊದಿದ. ಬತ್ತಿ ಆರಿತು, ಅವನು ನಿಂತೇ ಇದ್ದ. ವಿಷ ಇಲ್ಲ, ಬೆಂಕಿ ಹತ್ತುವುದಿಲ್ಲ! ಸೀಸ ಬೆರೆಸಿದ ಪೆಟ್ರೋಲ್ ಕೊಟ್ಟವನೂ ಇದೇ ಪುಣ್ಯಾತ್ಮ. ಒಂದೇ ಜನ್ಮದಲ್ಲಿ ಎರಡು! (ನಗಬೇಡಿ, ಅವನು ತೋರಿಸಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.) ಸಭೆಯೊಳಗೆ ಅದು ನಿಜವಾಗಿಯೂ ಸಾಧು ಗ್ಯಾಸೇ. ಮೇಲೆ ಹೋದಾಗ ಅದು ಓಝೋನ್ ಪದರವನ್ನು ಹಾಳು ಮಾಡುತ್ತದೆ ಅಂತ ಮೊಲಿನಾ, ರೋಲ್ಯಾಂಡ್ ಎಂಬ ವಿಜ್ಞಾನಿಗಳು ಹೇಳಿದ್ದು 1974ರಲ್ಲಿ. ಅಷ್ಟರಲ್ಲಿ ಅದು, ಅದರ ತಮ್ಮಂದಿರೆಲ್ಲ ಫ್ರಿಜ್ಜು, ಕಾರು, ಸ್ಪ್ರೇ ಡಬ್ಬಿ ಸೇರಿಬಿಟ್ಟಿದ್ದರು.

ಓಝೋನ್ ಉಳಿಸಲು ದೇಶಗಳು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದ ಬಂತು, ಕಾರಿನ ಆರ್-12 ಹೋಯಿತು, ಅದರ ಬದಲು ಆರ್-134ಎ ಎಂಬ ಗ್ಯಾಸ್ ಬಂತು. ಓಝೋನಿಗೆ ಇದರಿಂದ ತೊಂದರೆ ಇಲ್ಲ. ಆದರೆ ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಆರ್-134ಎ ಭೂಮಿಯನ್ನು ಬಿಸಿ ಮಾಡುವುದು ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು. ಒಂದು ಕಾರಿನಲ್ಲಿ ಅರ್ಧ ಕಿಲೋ ಇದೆ ಅನ್ನಿ. ವಾಲ್ವಿನ ಪಿನ್ನಿಗೆ ಸ್ಕ್ರೂಡ್ರೈವರ್ ಒತ್ತಿ ಪುಸ್ ಅಂತ ಬಿಟ್ಟರೆ 700 ಕಿಲೋ ದಾಟಿತು. ಪೆಟ್ರೋಲಿನ ಲೆಕ್ಕದಲ್ಲಿ 300 ಲೀಟರ್. ಬೆಂಗಳೂರಿನಿಂದ ದೆಹಲಿಗೆ ಕಾರಿನಲ್ಲಿ ಹೋಗಿ ಬಂದ ಹೊಗೆ, ಎರಡು ನಿಮಿಷದಲ್ಲಿ!

ಅದಕ್ಕೇ ಹೇಳುವುದು, ಗ್ಯಾಸ್ ಹಾಕುವ ಮೊದಲು ಸೋರುವ ಜಾಗ ಹುಡುಕಿ. ಜಾಯಿಂಟಿನ ರಬ್ಬರ್ ಬಳೆ, ಅಂದರೆ ಓ-ರಿಂಗ್ ನೋಡಿ. ಜಾಯಿಂಟಿನಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕಪ್ಪಗಾಗಿದ್ದರೆ ಕಳ್ಳ ಅಲ್ಲೇ ಇದ್ದಾನೆ. ವ್ಯಾಕ್ಯೂಮ್ ಎಳೆದು, ಪಂಪ್ ನಿಲ್ಲಿಸಿ, ಗೇಜ್ ಮುಳ್ಳು ನಿಲ್ಲುತ್ತದಾ ನೋಡಿ. ವ್ಯಾಕ್ಯೂಮಿಗೂ ಮೊದಲು, ಉಳಿದಿರುವ ಗ್ಯಾಸನ್ನು ಗಾಳಿಗೆ ಬಿಡಬೇಡಿ, ಮೆಷಿನ್ ಹಾಕಿ ಸಿಲಿಂಡರಿಗೆ ಎಳೆದುಕೊಳ್ಳಿ. ಮೆಷಿನ್ ದುಬಾರಿ, ಒಪ್ಪುತ್ತೇನೆ. ನಾಲ್ಕು ಗ್ಯಾರೇಜಿನವರು ಸೇರಿ ಒಂದು ಕೊಳ್ಳಲಿ.

ಪ್ರಾಂಶುಪಾಲರು ಗಡಿಯಾರ ನೋಡುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ. ಯುರೋಪಿನಲ್ಲಿ 2017ರಿಂದ ಹೊಸ ಕಾರಿಗೆ 134ಎ ಇಲ್ಲ. ಅಲ್ಲಿ ಹೆಚ್ಚಾಗಿ ಆರ್-1234ವೈಎಫ್. ಬಿಸಿ ಮಾಡುವ ಗುಣ ತೀರಾ ಕಡಿಮೆ, ಸ್ವಲ್ಪ ಉರಿಯುತ್ತದೆ, ಒಡೆದಾಗ ಟಿಎಫ್ಎ ಎಂಬ ಆಮ್ಲವಾಗಿ ಮಳೆನೀರಿಗೆ ಸೇರುತ್ತದೆ. ಅದರ ಜಗಳ ಬೇರೆ ಇದೆ. ಮಾಂಟ್ರಿಯಲ್ ಒಪ್ಪಂದದ ಕಿಗಾಲಿ ತಿದ್ದುಪಡಿಯ ಪ್ರಕಾರ ನಮ್ಮ ದೇಶ 2032ರಿಂದ 134ಎಯಂಥ ಗ್ಯಾಸುಗಳನ್ನು ಇಳಿಸುತ್ತಾ ಹೋಗಿ 2047ರ ಹೊತ್ತಿಗೆ ಶೇ. 85 ಕಡಿಮೆ ಮಾಡಬೇಕು. ಆಗ ನೀವೇ ಹಿರಿಯ ಮೆಕ್ಯಾನಿಕ್‌ಗಳು.

ಈಗ ಪ್ರಶ್ನೆ ಕೇಳಿ. 134ಎ ಬದಲು ಅಡುಗೆ ಗ್ಯಾಸ್ ತುಂಬಿದರೆ ಹೇಗೆ ಅಂತ ಮಾತ್ರ ಕೇಳಬೇಡಿ, ಪ್ರತಿ ಸಭೆಯಲ್ಲೂ ಒಬ್ಬರು ಕೇಳುತ್ತಾರೆ. ತಂಪೇನೋ ಆಗುತ್ತದೆ. ಡ್ಯಾಶ್‌ಬೋರ್ಡಿನ ಒಳಗೆ ಸೋರಿದರೆ ಮಾತ್ರ ಒಂದು ಬೆಂಕಿಕಡ್ಡಿ ಸಾಕು.