ಲಾರಿ ಎದ್ದು ನಿಂತಾಗ: ಅನ್ಯಗ್ರಹದ ಯಂತ್ರಜೀವಿಗಳು ನಮ್ಮನ್ನು ಏಕೆ ಸೆಳೆಯುತ್ತವೆ?

[ದೃಶ್ಯ: ಖಂಡೇನವಮಿಯ ಸಂಜೆ, ಕಲಬುರಗಿಯ ಗಂಜ್. ಸಾಲಾಗಿ ನಿಂತ ಲಾರಿಗಳು.]

ನಮಸ್ಕಾರ. ವರ್ಷವಿಡೀ ತೊಗರಿ ಚೀಲ ಹೊತ್ತು ಸೊಲ್ಲಾಪುರಕ್ಕೂ ಹೈದರಾಬಾದಿಗೂ ಓಡಾಡಿದ ಲಾರಿಗಳು ಖಂಡೇನವಮಿಯ ದಿನ ಮೈ ತೊಳೆಸಿಕೊಂಡು, ಹಣೆಗೆ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಹಾರ ಧರಿಸಿ ಕಲಬುರಗಿಯ ಗಂಜಿನಲ್ಲಿ ಸಾಲಾಗಿ ನಿಂತಿರುತ್ತವೆ. ಹಣೆ ಎಂಬ ಮಾತನ್ನು ನಾನು ಅಲಂಕಾರಕ್ಕಾಗಿ ಬಳಸಿಲ್ಲ. ಲಾರಿಯ ಮುಂಭಾಗವನ್ನು ಮುಖವೆಂದೇ ಕರೆಯುವ ಜನ ನಾವು. ಹಾಗಿರುವಾಗ, ಬೆಳ್ಳಿತೆರೆಯ ಮೇಲೆ ಒಂದು ಲಾರಿ ತನ್ನ ಅಂಗಾಂಗಗಳನ್ನು ಬಿಡಿಸಿಕೊಂಡು ಎದ್ದು ನಿಂತು ಮಾತನಾಡಿದರೆ ಇಲ್ಲಿನ ಹುಡುಗರು ಅದನ್ನು ಅಷ್ಟು ಸಲೀಸಾಗಿ ನಂಬುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೊಡೆದಾಟದ ಚಿತ್ರಗಳಲ್ಲಿ ಬರುವ ಈ ಅನ್ಯಗ್ರಹದ ಯಂತ್ರಜೀವಿಗಳ ಸೆಳೆತಕ್ಕೆ ಸಾಮಾನ್ಯವಾಗಿ ಸ್ಫೋಟಗಳನ್ನೂ ಗಾತ್ರವನ್ನೂ ಕಾರಣವಾಗಿ ಹೇಳುತ್ತಾರೆ. ನನಗೆ ಆ ಉತ್ತರ ಸಾಲದೆನಿಸುತ್ತದೆ. ಸ್ಫೋಟ ಯಾವ ಚಿತ್ರದಲ್ಲಿಲ್ಲ?

[ದೃಶ್ಯ: ಹಳೆಯ ಆಟಿಕೆ, ಅದರ ಪುಟ್ಟ ಚಾಲಕನ ಆಸನ.]

‘ಟ್ರಾನ್ಸ್‌ಫಾರ್ಮರ್ಸ್’ ಎಂಬ, ರೂಪ ಬದಲಿಸುವ ರೋಬೋಟುಗಳ ಆಟಿಕೆ ಮತ್ತು ಚಲನಚಿತ್ರ ಸರಣಿ ಹುಟ್ಟಿದ ಕಥೆಯಲ್ಲಿಯೇ ಒಂದು ಸುಳಿವಿದೆ. ಜಪಾನಿನ ಟಕಾರಾ ಕಂಪನಿ ‘ಡಯಾಕ್ಲೋನ್’ ಎಂಬ ಆಟಿಕೆಗಳನ್ನು ಮಾರುತ್ತಿತ್ತು. ವಾಹನದಿಂದ ರೋಬೋಟ್ ಆಗಿ ಬದಲಾಗುತ್ತಿದ್ದ ಆ ಆಟಿಕೆಗಳೊಳಗೆ ಬೆರಳಿನ ತುದಿಯಷ್ಟಿದ್ದ ಮನುಷ್ಯ ಚಾಲಕರು ಕೂರುತ್ತಿದ್ದರು. ಅವುಗಳನ್ನೂ ಅದೇ ಕಂಪನಿಯ ‘ಮೈಕ್ರೋ ಚೇಂಜ್’ ಆಟಿಕೆಗಳನ್ನೂ ಪಡೆದು ಅಮೆರಿಕದ ಹ್ಯಾಸ್ಬ್ರೊ ಕಂಪನಿ 1984ರಲ್ಲಿ ಹೊಸ ಹೆಸರಿನಿಂದ ಮಾರುಕಟ್ಟೆಗೆ ತಂದಾಗ, ಕಥೆಯಿಂದ ಆ ಚಾಲಕನನ್ನು ಕೆಳಗಿಳಿಸಲಾಯಿತು. ಇನ್ನು ಮುಂದೆ ಈ ಯಂತ್ರಗಳನ್ನು ಯಾರೂ ನಡೆಸುವುದಿಲ್ಲ; ಅವು ಸೈಬರ್ಟ್ರಾನ್ ಎಂಬ ಗ್ರಹದಿಂದ ಬಂದ, ತಮ್ಮದೇ ಇತಿಹಾಸವೂ ತಮ್ಮದೇ ಯುದ್ಧವೂ ಇರುವ ಜೀವಿಗಳು. ಖಾಲಿಯಾದ ಆ ಆಸನದಲ್ಲಿ ಮನಸ್ಸೊಂದು ಬಂದು ಕುಳಿತಿತು. ಇಡೀ ಸೆಳೆತದ ಬೇರು ಇರುವುದು ಅಲ್ಲಿ.

ಇದು ಏಕೆ ಮುಖ್ಯವೆಂದು ತಿಳಿಯಲು ರೋಬೋಟ್ ಎಂಬ ಪದದ ಮೂಲಕ್ಕೆ ಹೋಗಬೇಕು. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಈ ಪದ ಜಗತ್ತಿಗೆ ಹಬ್ಬಿತು. ಅದರ ಮೂಲವಾದ ‘ರೊಬೋಟಾ’ಕ್ಕೆ ಒಡೆಯನಿಗಾಗಿ ಕಡ್ಡಾಯವಾಗಿ ಮಾಡುವ ದುಡಿಮೆ ಎಂಬ ಅರ್ಥವಿದೆ. ನಮ್ಮ ಭಾಗದ ಹಿರಿಯರಿಗೆ ಬಿಟ್ಟಿ ಚಾಕರಿ ಎಂದರೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ಮನುಷ್ಯ ಮಾಡಿದ ರೋಬೋಟಿನ ಕಥೆಗಳಲ್ಲಿ ಆ ಮೂಲದ ನೆರಳು ಮತ್ತೆ ಮತ್ತೆ ಕಾಣುತ್ತದೆ: ಆಳು ಯಾವಾಗ ತಿರುಗಿ ಬೀಳುತ್ತಾನೋ ಎಂಬ ಒಡೆಯನ ಭಯ, ದುಡಿಸಿಕೊಂಡವನ ಅಳುಕು. ಅನ್ಯಗ್ರಹದಿಂದ ಬಂದ ಯಂತ್ರಕ್ಕೆ ಆ ಹಂಗಿಲ್ಲ. ಅದನ್ನು ನಾವು ಮಾಡಿಲ್ಲವಾದ್ದರಿಂದ ಅದು ನಮಗೆ ಏನನ್ನೂ ತೀರಿಸಬೇಕಾಗಿಲ್ಲ, ನಮ್ಮ ಮಾತು ಕೇಳಲೇಬೇಕೆಂಬ ಕಟ್ಟಳೆಯೂ ಅದಕ್ಕಿಲ್ಲ. ಅಂಥ ಯಂತ್ರವೊಂದು ತಾನಾಗಿಯೇ ಮನುಷ್ಯರ ಪಕ್ಕ ನಿಲ್ಲುವುದಾದರೆ, ಅದನ್ನು ಸೇವೆಯೆನ್ನಲಾಗದು, ಸ್ನೇಹವೆನ್ನಬೇಕಾಗುತ್ತದೆ.

[ದೃಶ್ಯ: ಕಲಬುರಗಿ ಕೋಟೆ, ಬಾರಾ ಗಜ್ ತೋಪು. ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ.]

ಗಾತ್ರದ ಮಾತನ್ನೂ ಆಡೋಣ, ಏಕೆಂದರೆ ಅದನ್ನು ಸರಿಯಾಗಿ ತೋರಿಸುವುದು ಸುಲಭವಲ್ಲ. ನಮ್ಮ ಕೋಟೆಯ ಬಾರಾ ಗಜ್ ತೋಪು ಸುಮಾರು 29 ಅಡಿ ಉದ್ದವಿದೆ. ಅದನ್ನು ನೆಟ್ಟಗೆ ನಿಲ್ಲಿಸಿದಂತೆ ಊಹಿಸಿಕೊಳ್ಳಿ. 2007ರ ‘ಟ್ರಾನ್ಸ್‌ಫಾರ್ಮರ್ಸ್’ ಚಿತ್ರದ ನಾಯಕ, ಲಾರಿಯಾಗಿ ಬದಲಾಗುವ ರೋಬೋಟ್ ಆಪ್ಟಿಮಸ್ ಪ್ರೈಮ್ ಸರಿಸುಮಾರು ಅಷ್ಟೇ ಎತ್ತರ, 28 ಅಡಿ. ಆಳೆತ್ತರದಿಂದ ಬಿದ್ದ ವಸ್ತು ನೆಲ ಮುಟ್ಟಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಸಾಕಾದರೆ, 28 ಅಡಿ ಎತ್ತರದಿಂದ ಬಿದ್ದದ್ದಕ್ಕೆ ಸುಮಾರು 1.3 ಸೆಕೆಂಡು ಬೇಕು. ಆದ್ದರಿಂದಲೇ ದೈತ್ಯ ದೇಹವೊಂದು ಮನುಷ್ಯನಷ್ಟು ಚುರುಕಾಗಿ ಕೈಬೀಸಿದರೆ ಕಣ್ಣಿಗೆ ಅದು ಆಟಿಕೆಯಂತೆ ಕಾಣುತ್ತದೆ. ನಿಧಾನಿಸಿದರೆ ಮಾತ್ರ ಅದಕ್ಕೆ ತೂಕ ಬರುತ್ತದೆ. ನಮ್ಮ ದೊಡ್ಡಾಟದ ಕಲಾವಿದರಿಗೆ ಈ ಗುಟ್ಟು ಮೊದಲಿನಿಂದಲೂ ಗೊತ್ತಿದೆ. ಕಿರೀಟ, ಭುಜಕೀರ್ತಿ, ಎದೆಹಾರಗಳಿಂದ ಹಿಗ್ಗಿದ ದೇಹ ರಂಗಕ್ಕೆ ಬರುವಾಗ ಎಂದೂ ಅವಸರ ಪಡುವುದಿಲ್ಲ.

2007ರ ಚಿತ್ರತಂಡ ಇನ್ನೊಂದು ಎಚ್ಚರವನ್ನೂ ವಹಿಸಿತ್ತು. ವಾಹನದಲ್ಲಿರುವಷ್ಟೇ ಲೋಹದಿಂದ ರೋಬೋಟಿನ ದೇಹವಾಗಬೇಕೆಂಬ ಲೆಕ್ಕದಿಂದ, ಹಳೆಯ ಕಾರ್ಟೂನಿನಲ್ಲಿದ್ದ ಚಪ್ಪಟೆ ಮೂತಿಯ ಲಾರಿಯನ್ನು ಬಿಟ್ಟು ಉದ್ದ ಬಾನೆಟ್ಟಿನ ಪೀಟರ್‌ಬಿಲ್ಟ್ ಲಾರಿಯನ್ನು ಆರಿಸಿಕೊಂಡರು. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಎಂಬ ದೃಶ್ಯಪರಿಣಾಮ ಸಂಸ್ಥೆಯ ಕಲಾವಿದರು ಕಂಪ್ಯೂಟರಿನಲ್ಲಿ ಕಟ್ಟಿದ ಆ ದೇಹದಲ್ಲಿ 10,000ಕ್ಕೂ ಹೆಚ್ಚು ಬಿಡಿಭಾಗಗಳಿದ್ದವು. ಬಾಗಿಲು ಎದೆಯಾಗುವುದನ್ನೂ ಗಾಲಿ ಒಳಸರಿಯುವುದನ್ನೂ ನೋಡುತ್ತಿರುವ ಗ್ಯಾರೇಜಿನ ಹುಡುಗನಿಗೆ ಅದು ಮಾಯೆಯಾಗಿ ಉಳಿಯುವುದಿಲ್ಲ, ಬಿಚ್ಚಿ ಜೋಡಿಸಬಹುದಾದ ಕೆಲಸವಾಗಿ ತೋರುತ್ತದೆ.

ಇಷ್ಟಾದರೂ ಲೋಹದ ರಾಶಿಯೊಂದಕ್ಕೆ ಮನಸ್ಸಿದೆಯೆಂದು ನಾವೇಕೆ ಒಪ್ಪುತ್ತೇವೆ? 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎಂಬ ಮನಶ್ಶಾಸ್ತ್ರಜ್ಞರು ಎರಡು ತ್ರಿಕೋನಗಳೂ ಒಂದು ವೃತ್ತವೂ ಅತ್ತಿತ್ತ ಸರಿದಾಡುವ ಪುಟ್ಟ ಚಿತ್ರವೊಂದನ್ನು ಜನರಿಗೆ ತೋರಿಸಿದರು. ಕಂಡದ್ದನ್ನು ಬರೆಯಿರಿ ಎಂದಾಗ ಹೆಚ್ಚುಕಡಿಮೆ ಎಲ್ಲರೂ ಜಗಳ, ಬೆನ್ನಟ್ಟುವಿಕೆ, ಭಯಗಳ ಕಥೆಯನ್ನೇ ಬರೆದರು. ಮನಸ್ಸನ್ನು ಕಾಣಲು ನಮಗೆ ಚಲನೆಯೊಂದು ಸಾಕು, ಮುಖ ಬೇಕಾಗಿಲ್ಲ. ಬದಲಿಗೆ, ಮನುಷ್ಯನ ಚರ್ಮವನ್ನೇ ಹೋಲುವ ರೋಬೋಟ್ ಮೈ ಜುಮ್ಮೆನ್ನಿಸುತ್ತದೆಂದು ಜಪಾನಿನ ಮಸಾಹಿರೊ ಮೋರಿ 1970ರಲ್ಲಿಯೇ ಬರೆದಿದ್ದರು. ನಮ್ಮ ಲೋಹದ ಅತಿಥಿಗಳು ಮನುಷ್ಯರಂತೆ ನಟಿಸದ ಕಾರಣ ಆ ಅಸಹನೆಯಿಂದ ಪಾರಾಗುತ್ತಾರೆ. ಕಾರಾಗಿ ಬದಲಾಗುವ ರೋಬೋಟ್ ಬಂಬಲ್‌ಬೀಯನ್ನು ನೋಡಿ. 2007ರ ಚಿತ್ರದಲ್ಲಿ ಅದರ ಧ್ವನಿ ಹಾಳಾಗಿದೆ. ಕಾರಿನ ರೇಡಿಯೋದಿಂದ ಹಾಡಿನ ತುಣುಕುಗಳನ್ನು ಹೆಕ್ಕಿ ತನ್ನ ಮಾತನ್ನು ಜೋಡಿಸಿಕೊಳ್ಳುತ್ತದೆ. ಹೇಳಲು ಪರದಾಡುವವನ ಮಾತನ್ನು ನಾವು ಹೆಚ್ಚು ಗಮನವಿಟ್ಟು ಕೇಳುತ್ತೇವೆ, ಅಲ್ಲವೇ?

ಈ ತಿಳುವಳಿಕೆ ಮುಂದಿನ ಎಲ್ಲ ಚಿತ್ರಗಳಲ್ಲಿ ಉಳಿಯಲಿಲ್ಲವೆಂಬುದು ನನ್ನ ನೋವು. ಬಿಡಿಭಾಗಗಳ ಗೊಂದಲದಲ್ಲಿ ಯಾರು ಯಾರನ್ನು ಹೊಡೆಯುತ್ತಿದ್ದಾರೆಂದು ತಿಳಿಯದ ದೀರ್ಘ ಕಾದಾಟಗಳು ಬಂದವು. 2018ರಲ್ಲಿ ಟ್ರಾವಿಸ್ ನೈಟ್ ನಿರ್ದೇಶಿಸಿದ ‘ಬಂಬಲ್‌ಬೀ’ ಮಾತ್ರ ಹಳೆಯ ಸರಳ ಆಕಾರಗಳಿಗೆ ಮರಳಿ, ಒಬ್ಬ ಹುಡುಗಿ ಮತ್ತು ಒಂದು ಹಳದಿ ಬೀಟಲ್ ಕಾರಿನ ಗೆಳೆತನಕ್ಕೆ ಸಮಯ ಕೊಟ್ಟಿತು. ನನ್ನ ಮಟ್ಟಿಗೆ ಈ ಸರಣಿಯಲ್ಲಿ ಅದೇ ಶ್ರೇಷ್ಠ.

[ದೃಶ್ಯ: ಧ್ವನಿಮುದ್ರಣ ಕೊಠಡಿಯ ಮೈಕ್. ನಂತರ ಪುನಃ ಗಂಜ್, ಕತ್ತಲು, ಲಾರಿಯ ಬಳಿ ಒಬ್ಬ ಚಾಲಕ.]

ಕೊನೆಯದಾಗಿ ಧ್ವನಿಯ ಸಂಗತಿ. 1984ರ ಕಾರ್ಟೂನಿನಲ್ಲೂ 2007ರ ಚಿತ್ರದಲ್ಲೂ ಆಪ್ಟಿಮಸ್ ಪ್ರೈಮ್‌ಗೆ ಕಂಠ ಕೊಟ್ಟವರು ಪೀಟರ್ ಕಲನ್. ಧ್ವನಿ ಪರೀಕ್ಷೆಗೆ ಹೊರಟಾಗ, ವಿಯೆಟ್ನಾಂ ಯುದ್ಧದಲ್ಲಿ ಸೈನಿಕರಾಗಿದ್ದ ಅವರ ಅಣ್ಣ ಲ್ಯಾರಿ ಒಂದು ಬುದ್ಧಿಮಾತು ಹೇಳಿದ್ದರಂತೆ: ಅಬ್ಬರಿಸಬೇಡ, ಮೃದುವಾಗಿರಲು ಬೇಕಾದಷ್ಟು ಬಲ ನಿನ್ನಲ್ಲಿರಲಿ. ಕಲನ್ ಮೈಕಿನ ಮುಂದೆ ತಮ್ಮ ಅಣ್ಣನ ದನಿಯನ್ನೇ ನೆನೆದು ಮಾತನಾಡಿದರು. 1986ರ ಕಾರ್ಟೂನ್ ಚಿತ್ರದಲ್ಲಿ ಆ ಪಾತ್ರವನ್ನು ಸಾಯಿಸಿದಾಗ ಮಕ್ಕಳು ಅತ್ತರು, ಪಾಲಕರು ದೂರಿದರು, ಮರುವರ್ಷ ದೂರದರ್ಶನ ಸರಣಿಯಲ್ಲಿ ಅದನ್ನು ಬದುಕಿಸಬೇಕಾಯಿತು. ಸಾಯಿಸಿದ್ದು ಅಂಗಡಿಯಲ್ಲಿ ಹೊಸ ಆಟಿಕೆಗಳಿಗೆ ಜಾಗ ಮಾಡಲೆಂದು; ಆದರೆ ಆ ವೇಳೆಗೆ ಮಕ್ಕಳ ಪಾಲಿಗೆ ಅದು ಆಟಿಕೆಯಾಗಿ ಉಳಿದಿರಲಿಲ್ಲ. ಗಂಜಿನ ಈ ಚಾಲಕ, ರಾತ್ರಿ ಬಾಗಿಲು ಹಾಕಿ ಹೊರಡುವ ಮುನ್ನ, ತನ್ನ ಲಾರಿಯ ಹಣೆ ಮುಟ್ಟಿ ನಮಸ್ಕರಿಸುತ್ತಿದ್ದಾನೆ.