ವೋಲ್ಟೇಜ್ ಮೊದಲು, ಕೂಲರ್ ಆಮೇಲೆ

ಓವರ್‌ಕ್ಲಾಕ್ ಮಾಡಿದ, ಅಂದರೆ ತಯಾರಕರು ಗೊತ್ತುಮಾಡಿದ ವೇಗ ಮೀರಿ ಓಡಿಸುವ ಕಂಪ್ಯೂಟರ್ ಪ್ರೊಸೆಸರ್‌ಗೆ ಯಾವ ಏರ್ ಕೂಲರ್ (ಶಾಖವನ್ನು ಫ್ಯಾನ್ ಗಾಳಿಯಿಂದ ಹೊರಹಾಕುವ ಸಾಧನ) ಕೊಳ್ಳಬೇಕು ಎಂದು ಕೇಳುವವರಿಗೆ ನಾನು ಮೊದಲು ಹಾಕುವ ಮರುಪ್ರಶ್ನೆ ಒಂದೇ: ಎಷ್ಟು ವೋಲ್ಟೇಜ್ ಕೊಟ್ಟಿದ್ದೀರಿ? ಹೆಚ್ಚಿನವರು ವೇಗದ ಗಿಗಾಹರ್ಟ್ಜ್ ಹೇಳುತ್ತಾರೆ, ವೋಲ್ಟೇಜ್ ಹೇಳುವುದಿಲ್ಲ. ನನ್ನ ತಕರಾರು ಶುರುವಾಗುವುದೇ ಅಲ್ಲಿ.

ಪ್ರೊಸೆಸರ್ ಕೆಲಸ ಮಾಡುವಾಗ ಹೊಮ್ಮುವ ಶಾಖದ ಬಹುಪಾಲು ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. 1.20 ವೋಲ್ಟ್‌ನಲ್ಲಿ 4.5 ಗಿಗಾಹರ್ಟ್ಜ್ ಓಡುತ್ತ 120 ವ್ಯಾಟ್ ಶಾಖ ಕೊಡುತ್ತಿದ್ದ ಚಿಪ್ಪನ್ನು 1.35 ವೋಲ್ಟ್ ಕೊಟ್ಟು 5 ಗಿಗಾಹರ್ಟ್ಜ್‌ಗೆ ಏರಿಸಿದಿರಿ ಎಂದುಕೊಳ್ಳಿ. ವೇಗ ಹೆಚ್ಚಿದ್ದು ಶೇಕಡಾ 11, ಶಾಖ ಹೆಚ್ಚಿದ್ದು ಶೇಕಡಾ 40. ಅಂದರೆ ಸುಮಾರು 169 ವ್ಯಾಟ್. ಅದೇ ಚಿಪ್ಪು 1.25 ವೋಲ್ಟ್‌ನಲ್ಲಿ 4.8 ಗಿಗಾಹರ್ಟ್ಜ್‌ಗೆ ಸ್ಥಿರವಾಗಿ ನಿಂತರೆ ಶಾಖ 139 ವ್ಯಾಟ್‌ನ ಆಸುಪಾಸಿನಲ್ಲೇ ಉಳಿಯುತ್ತದೆ. ಕೊನೆಯ ಆ 200 ಮೆಗಾಹರ್ಟ್ಜ್‌ಗಾಗಿ ನೀವು ತೆರುವುದು 30 ವ್ಯಾಟ್. ಆ ಆಸೆಯೊಂದನ್ನು ಬಿಟ್ಟರೆ ಲೋಹದ ತಗಡುಗಳ ಒಂದೇ ಗೋಪುರವಿರುವ ಸಾಧಾರಣ ಕೂಲರ್ ಸಾಕಾಗಬಹುದಾದ ಕಡೆ, ಬಿಡದಿದ್ದರೆ ಎರಡು ಗೋಪುರದ ದೈತ್ಯನನ್ನು ತರಬೇಕಾಗುತ್ತದೆ.

ಕೂಲರ್ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವ್ಯಾಟ್ ಸಂಖ್ಯೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಅಳೆಯಲು ಎಲ್ಲ ತಯಾರಕರೂ ಒಪ್ಪಿದ ಒಂದೇ ವಿಧಾನವಿಲ್ಲ. ಕೊಠಡಿಯ ಉಷ್ಣಾಂಶ ಎಷ್ಟಿತ್ತು, ಫ್ಯಾನ್ ಎಷ್ಟು ವೇಗದಲ್ಲಿ ತಿರುಗುತ್ತಿತ್ತು, ಶಾಖ ಎಷ್ಟು ಅಗಲದ ಜಾಗದಿಂದ ಬರುತ್ತಿತ್ತು ಎಂಬ ವಿವರಗಳಿಲ್ಲದೆ ಆ ಅಂಕಿಗೆ ಅರ್ಥವೂ ಇಲ್ಲ. ಪ್ರೊಸೆಸರ್ ಕಡೆಯ ಅಂಕಿಯಾದರೂ ನೇರವಾಗಿದೆಯೇ ಎಂದರೆ, ಇಂಟೆಲ್ ಕೋರ್ ಐ9-13900ಕೆ ಪ್ರೊಸೆಸರ್‌ನ ಮೂಲ ಅಂಕಿ 125 ವ್ಯಾಟ್, ಗರಿಷ್ಠ ಟರ್ಬೊ (ಪ್ರೊಸೆಸರ್ ತಾನಾಗಿಯೇ ವೇಗ ಏರಿಸಿಕೊಂಡಾಗಿನ) ಅಂಕಿ 253 ವ್ಯಾಟ್. ಓವರ್‌ಕ್ಲಾಕ್ ಮಾಡುವುದಕ್ಕೂ ಮುಂಚಿನ ಲೆಕ್ಕ ಇದು.

ಶಾಖ ಎಷ್ಟು ಅಗಲದ ಜಾಗದಿಂದ ಬರುತ್ತದೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2022ರಲ್ಲಿ ಬಂದ ಎಎಂಡಿ ಕಂಪನಿಯ ರೈಜನ್ 7000 ಪ್ರೊಸೆಸರ್ ಸರಣಿಯಲ್ಲಿ ಎಂಟು ಕೋರ್‌ಗಳಿರುವ (ಕೋರ್ ಎಂದರೆ ಲೆಕ್ಕ ಮಾಡುವ ಘಟಕ) ಸಿಲಿಕಾನ್ ತುಣುಕಿನ ವಿಸ್ತೀರ್ಣ ಸುಮಾರು 70 ಚದರ ಮಿಲಿಮೀಟರ್ ಮಾತ್ರ. ಹೆಬ್ಬೆರಳಿನ ಉಗುರಿಗಿಂತಲೂ ಚಿಕ್ಕದು. ಅಷ್ಟು ಕಿರಿದಾದ ಜಾಗದಿಂದ ಹೊರಟ ಶಾಖ ಮೇಲಿನ ಲೋಹದ ಮುಚ್ಚಳವನ್ನೂ ಅದಕ್ಕೂ ಕೂಲರ್‌ಗೂ ನಡುವೆ ಸವರುವ ಥರ್ಮಲ್ ಪೇಸ್ಟನ್ನೂ ದಾಟಿ ಕೂಲರ್‌ನ ತಳ ಮುಟ್ಟುವಷ್ಟರಲ್ಲೇ ಉಷ್ಣಾಂಶದ ಅಂತರದ ದೊಡ್ಡ ಪಾಲು ಮುಗಿದಿರುತ್ತದೆ. ಇಂಥ ಚಿಪ್ಪಿನ ಮೇಲೆ ಎಷ್ಟೇ ದೊಡ್ಡ ಕೂಲರ್ ಕೂರಿಸಿದರೂ ಗಳಿಕೆ ಕೆಲವೇ ಡಿಗ್ರಿ. ಆ ಸರಣಿಯ ಮೇಲ್ದರ್ಜೆಯ ಪ್ರೊಸೆಸರ್‌ಗಳು ಪೂರ್ಣ ಹೊರೆಯಲ್ಲಿ 95 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ವಿನ್ಯಾಸದ ಭಾಗವೇ ಎಂದು ಎಎಂಡಿ ಹೇಳಿದ ಮೇಲೂ ಜನ ಕೂಲರ್ ಬದಲಿಸುತ್ತಲೇ ಇದ್ದರು.

ಇನ್ನು ಕೂಲರ್ ವಿಷಯ. ಅದರ ಜೀವಾಳ ಹೀಟ್ ಪೈಪ್. ಗಾಳಿ ತೆಗೆದು ಮುಚ್ಚಿದ ತಾಮ್ರದ ಕೊಳವೆಯೊಳಗೆ ಕೊಂಚ ನೀರಿರುತ್ತದೆ. ಒತ್ತಡ ತೀರ ಕಡಿಮೆಯಾದ್ದರಿಂದ ಅದು ಬಿಸಿ ತುದಿಯಲ್ಲಿ ಬೇಗನೆ ಆವಿಯಾಗಿ, ತಗಡುಗಳ ನಡುವಿನ ತಂಪು ತುದಿಯಲ್ಲಿ ಮತ್ತೆ ನೀರಾಗಿ, ಒಳಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ದೀಪದ ಬತ್ತಿ ಎಣ್ಣೆ ಹೀರುವಂತೆ ಹಿಂದಕ್ಕೆ ಬರುತ್ತದೆ. ಒಂದು ಪೈಪ್ ಹೊರಬಲ್ಲ ಶಾಖಕ್ಕೆ ಮಿತಿಯಿದೆ. ಅದನ್ನು ಮೀರಿದರೆ ಬಿಸಿ ತುದಿ ಒಣಗಿಹೋಗುತ್ತದೆ. ಆದ್ದರಿಂದ ಓವರ್‌ಕ್ಲಾಕ್ ಮಾಡುವವರು ತಗಡುಗಳ ಮೇಲಿನ ಬಣ್ಣದ ದೀಪ ನೋಡುವ ಮೊದಲು ಪೈಪ್‌ಗಳನ್ನು ಎಣಿಸಲಿ. ನನ್ನ ಅಭಿಪ್ರಾಯದಲ್ಲಿ 6 ಮಿಲಿಮೀಟರ್‌ನ ಆರು ಪೈಪ್ ಮತ್ತು ಎರಡು ಗೋಪುರ ಇರುವ ಕೂಲರ್ ಬಹುತೇಕರಿಗೆ ಬೇಕಾದಷ್ಟಾಯಿತು.

ತಳ ಚಿಪ್ಪಿಗೆ ಹೇಗೆ ಕೂರುತ್ತದೆ ಎಂಬುದು ಪೈಪ್‌ಗಳ ಎಣಿಕೆಯಷ್ಟೇ ಮುಖ್ಯ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್‌ನ (ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ಲೋಹದ ಹಿಡಿಕೆ ಉದ್ದನೆಯ ಪ್ರೊಸೆಸರ್‌ನ ನಡುಭಾಗವನ್ನು ಒತ್ತುವುದರಿಂದ ಮುಚ್ಚಳ ತುಸು ಬಾಗುತ್ತದೆ. 2024ರಲ್ಲಿ ಕೂಲರ್ ತಯಾರಕ ನಾಕ್ಟುವಾ ತನ್ನ ಎನ್‌ಎಚ್-ಡಿ15 ಜಿ2 ಕೂಲರನ್ನು ತಳದ ಉಬ್ಬು ಬೇರೆಬೇರೆಯಾಗಿರುವ ಮೂರು ಬಗೆಗಳಲ್ಲಿ ತಂದಿತು. ಕೂದಲೆಳೆಯ ಅಂತರಕ್ಕೆ ತಯಾರಕರೇ ಇಷ್ಟು ತಲೆಕೆಡಿಸಿಕೊಂಡಿರುವಾಗ, ನಾಲ್ಕು ಸ್ಕ್ರೂಗಳನ್ನು ಕರ್ಣಕ್ಕೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುವ ತಾಳ್ಮೆ ನಮಗೂ ಇರಬೇಕು.

ಅಳತೆಯ ವಿಷಯದಲ್ಲಿ ಮುಜುಗರ ತರುವ ತಪ್ಪುಗಳು ಎರಡು. ಹಳೆಯ ಎನ್‌ಎಚ್-ಡಿ15 ಕೂಲರ್‌ನ ಎತ್ತರ 165 ಮಿಲಿಮೀಟರ್. ಕ್ಯಾಬಿನೆಟ್ಟಿನೊಳಗೆ ಕೂಲರ್‌ಗಿರುವ ಜಾಗ 160 ಮಿಲಿಮೀಟರ್‌ಗೆ ನಿಂತರೆ ಪಕ್ಕದ ಬಾಗಿಲು ಮುಚ್ಚುವುದಿಲ್ಲ. ಮುಂದಿನ ಫ್ಯಾನ್ ರ‍್ಯಾಮ್ ಪಟ್ಟಿಗಳ ಮೇಲೆ ಚಾಚಿಕೊಂಡಿರುವುದರಿಂದ, ಪಟ್ಟಿಗಳು ಎತ್ತರವಾಗಿದ್ದರೆ ಫ್ಯಾನನ್ನು ಮೇಲಕ್ಕೆ ಸರಿಸಬೇಕು, ಆಗ ಒಟ್ಟು ಎತ್ತರ ಇನ್ನಷ್ಟು ಬೆಳೆಯುತ್ತದೆ. ಫ್ಯಾನ್‌ಗಳೂ ಸೇರಿ ಅದರ ತೂಕ 1.3 ಕಿಲೋಗ್ರಾಂ ಮೀರುತ್ತದೆ, ಹಾಗಾಗಿ ಕಂಪ್ಯೂಟರನ್ನು ಬೇರೆಡೆಗೆ ಸಾಗಿಸುವಾಗ ಕೂಲರನ್ನು ಕಳಚಿಡುವುದೇ ಕ್ಷೇಮ.

ಪಂಪ್‌ನಿಂದ ದ್ರವ ಹರಿಸಿ ಶಾಖವನ್ನು ರೇಡಿಯೇಟರ್‌ಗೆ ಸಾಗಿಸುವ ಲಿಕ್ವಿಡ್ ಕೂಲರ್ ಪಕ್ಷದವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಎಲ್ಲ ಕೋರ್‌ಗಳನ್ನೂ ತಾಸುಗಟ್ಟಲೆ ದುಡಿಸಿ 250 ವ್ಯಾಟ್‌ಗೂ ಮೇಲೆ ಎಳೆಯುವವರಿಗೆ 360 ಮಿಲಿಮೀಟರ್ ರೇಡಿಯೇಟರ್ ವಾಸಿ. ಅದಕ್ಕಿಂತ ಕೆಳಗಿರುವವರಿಗೆ, ಪಂಪ್ ಕೆಡುವ ಚಿಂತೆಯಿಲ್ಲದೆ, ಕೆಟ್ಟರೂ ಫ್ಯಾನ್ ಒಂದನ್ನು ಬದಲಿಸಿ ವರ್ಷಗಟ್ಟಲೆ ಬಳಸಬಹುದಾದ ವಸ್ತುವೇ ನನ್ನ ಆಯ್ಕೆ. ಸದ್ದಿನ ಲೆಕ್ಕವೂ ಇದೆ: ಫ್ಯಾನ್ ವೇಗ ಇಮ್ಮಡಿಯಾದರೆ ಗಾಳಿ ಇಮ್ಮಡಿಯಾಗುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಚಿಕ್ಕ ಕೂಲರನ್ನು ಕಿರುಚಿಸುವುದಕ್ಕಿಂತ ದೊಡ್ಡದನ್ನು ನಿಧಾನವಾಗಿ ತಿರುಗಿಸುವುದು ಜಾಣತನ.

ಏರ್ ಕೂಲರ್ ತನ್ನ ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು. 22 ಡಿಗ್ರಿಯ ಕೊಠಡಿಯಲ್ಲಿ 82 ತೋರುವ ಪ್ರೊಸೆಸರ್ 34 ಡಿಗ್ರಿಯ ಕೊಠಡಿಯಲ್ಲಿ 94ರ ಹತ್ತಿರಕ್ಕೆ ಹೋಗುತ್ತದೆ. ಕ್ಯಾಬಿನೆಟ್ಟಿನ ಒಳಗಾಳಿ ಬಿಸಿಯಾದರೂ ಇದೇ ಕಥೆ. ಒಮ್ಮೆ ನಾನೇ ಕೂಲರ್‌ನ ಫ್ಯಾನನ್ನು ಹಿಂದುಮುಂದಾಗಿ ಕೂರಿಸಿ, ಅದು ಹಿಂಬದಿಯ ಫ್ಯಾನ್‌ಗೆ ಎದುರಾಗಿ ಊದುತ್ತ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಿ, ಎರಡು ಗಂಟೆ ಥರ್ಮಲ್ ಪೇಸ್ಟನ್ನು ಬೈದಿದ್ದೆ. ಹೊಸ ಕೂಲರ್ ಕೊಳ್ಳಬೇಕೆಂದಿರುವವರು ಇವತ್ತೇ ಮಾಡಬಹುದಾದ ಪರೀಕ್ಷೆಯೊಂದಿದೆ. ಪೂರ್ಣ ಹೊರೆಯಲ್ಲಿ ಅರ್ಧ ಗಂಟೆ ಓಡಿಸಿ ಉಷ್ಣಾಂಶ ಗುರುತು ಹಾಕಿಕೊಳ್ಳಿ. ಆಮೇಲೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟು ಮತ್ತೆ ಅಷ್ಟೇ ಹೊತ್ತು ಓಡಿಸಿ. ಏಳೆಂಟು ಡಿಗ್ರಿ ಇಳಿದರೆ, ನೀವು ಕೊಳ್ಳಬೇಕಾದದ್ದು ಕೂಲರ್ ಅಲ್ಲ, ಕ್ಯಾಬಿನೆಟ್ಟಿಗೆ ಇನ್ನೊಂದು ಫ್ಯಾನ್.