ಪಟರ್ ಮುಖ ನೋಡಿ, ಆಮೇಲೆ ಸ್ಟ್ರೋಕ್

ಕ್ಯಾಮೆರಾವನ್ನು ಹುಲ್ಲಿನ ಮಟ್ಟಕ್ಕೇ ಇಟ್ಟಿದ್ದೇನೆ, ಪಟರ್‌ನ ಮುಖ, ಅಂದರೆ ಚೆಂಡಿಗೆ ತಾಗುವ ಚಪ್ಪಟೆ ಭಾಗ, ಚೆನ್ನಾಗಿ ಕಾಣಲಿ ಅಂತ. ಇವತ್ತು ಗಾಲ್ಫ್‌ನಲ್ಲಿ ದೂರ ಹೊಡೆಯುವ ಕೋಲುಗಳಾದ ಡ್ರೈವರ್ ಇಲ್ಲ, ಐರನ್ ಇಲ್ಲ, ಬರೀ ಪಟ್ಟಿಂಗ್, ಅಂದರೆ ಪಟರ್ ಅನ್ನುವ ಕೋಲಿನಿಂದ ಚೆಂಡನ್ನು ಉರುಳಿಸಿ ಹೋಲ್‌ಗೆ ಹಾಕುವುದು.

ನಿಂತಿರುವ ರೀತಿ ನಿಮಗೇ ಕಾಣುತ್ತಿದೆ. ಚೆಂಡು ಪಾದಗಳ ನಟ್ಟನಡುವೆ ಇಲ್ಲ, ಒಂಚೂರು ಮುಂದಿದೆ. ಬಲಗೈ ಆಟಗಾರರಿಗೆ ಅದು ಎಡಗಾಲಿನ ಕಡೆ. ಕಣ್ಣು ಚೆಂಡಿನ ನೇರ ಮೇಲಿದೆ. ಸ್ವಲ್ಪ ಒಳಗಿದ್ದರೂ ಪರವಾಗಿಲ್ಲ, ಆದರೆ ಚೆಂಡನ್ನು ದಾಟಿ ಆಚೆ ಬಾಗಬೇಡಿ. ಬಾಗಿದರೆ ಗುರಿಯ ಗೆರೆ ಇರುವಲ್ಲಿ ಕಾಣುವುದಿಲ್ಲ.

ಈಗ ಮುಖ. ಇದು ನನಗೆ ತುಂಬಾ ಮುಖ್ಯ. 10 ಅಡಿಯ ನೇರ ಪಟ್ ಅಂದುಕೊಳ್ಳಿ. ಚೆಂಡು ಒಂದೇ ಒಂದು ಡಿಗ್ರಿ ವಾರೆಯಾಗಿ ಹೊರಟರೂ ಹೋಲ್ ಹತ್ತಿರ ಬರುವಷ್ಟರಲ್ಲಿ 2 ಇಂಚು ಪಕ್ಕಕ್ಕೆ ಹೋಗಿರುತ್ತದೆ. ಹೋಲ್‌ನ ಅಗಲ 4.25 ಇಂಚು. ನಡುವಿನಿಂದ ಅಂಚಿಗೆ ಇರುವುದೇ 2 ಇಂಚು ಚಿಲ್ಲರೆ! ಚೆಂಡು ಯಾವ ಕಡೆ ಹೊರಡಬೇಕು ಅನ್ನುವುದನ್ನು ಬಹುಪಾಲು ಹೇಳುವುದು ತಾಗುವ ಕ್ಷಣದಲ್ಲಿ ಮುಖ ಇರುವ ದಿಕ್ಕು. ಸ್ಟ್ರೋಕ್‌ನ ದಾರಿ, ಅಂದರೆ ಪಟರ್ ಬೀಸುವ ದಾರಿ, ಆಮೇಲೆ. ಅದಕ್ಕೇ ಮೊದಲು ಮುಖ ಇಡಿ, ಆಮೇಲೆ ಕಾಲು. ಜಾಸ್ತಿ ಜನ ಮಾಡುವುದು ಉಲ್ಟಾ.

ಸ್ಟ್ರೋಕ್ ನೇರ ಹಿಂದೆ, ನೇರ ಮುಂದೆ ಹೋಗಬೇಕು. ಅಷ್ಟೇ... ಇಲ್ಲ, ನಿಲ್ಲಿ. ಈ ನಿಧಾನಗತಿಯ ಶಾಟ್ ನೋಡಿ, ಪಟರ್ ಸಣ್ಣ ಕಮಾನಿನಲ್ಲಿ ಹೋಗುತ್ತಿದೆ, ಚೆಂಡು ಮಾತ್ರ ನೇರ ಹೊರಟಿದೆ. ಕಮಾನೂ ಸರಿಯೇ. ಮಣಿಕಟ್ಟು ಮುರಿಯಬಾರದು, ಭುಜ ಆಡಬೇಕು. ದೂರ ಜಾಸ್ತಿ ಬೇಕಿದ್ದರೆ ಜೋರಾಗಿ ಹೊಡೆಯಬೇಡಿ, ಪಟರನ್ನು ಇನ್ನಷ್ಟು ಹಿಂದಕ್ಕೆ ಒಯ್ಯಿರಿ. ಲಯ ಉಯ್ಯಾಲೆಯ ಹಾಗೆ ಒಂದೇ ಇರಲಿ.

ಅಯ್ಯೋ, ಇದನ್ನು ನೋಡಿದಿರಾ? ಗೆರೆ ಸರಿ, ವೇಗ ಸರಿ, ಕೊನೆಯ ಒಂದಡಿಯಲ್ಲಿ ಚೆಂಡು ಸರಕ್ಕನೆ ಎಡಕ್ಕೆ ತಿರುಗಿತು. ಹತ್ತಿರ ತೋರಿಸುತ್ತೇನೆ. ಇಲ್ಲೊಂದು ಹಿಮ್ಮಡಿ ಗುರುತು, ಪಕ್ಕದಲ್ಲಿ ಶೂ ಎಳೆದ ಗೀರು. ಚೆಂಡು ತೆಗೆಯಲು ಹೋಲ್‌ಗೆ ಅಂಟಿಕೊಂಡೇ ನಿಲ್ಲುತ್ತಾರೆ, ಪಟರ್ ಮೇಲೆ ಭಾರ ಹಾಕಿ ಬಗ್ಗುತ್ತಾರೆ, ಅಲ್ಲೇ ತಿರುಗಿ ಹೋಗುತ್ತಾರೆ. ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅಲ್ಲಿಗೆ ಬರುವಾಗ ಚೆಂಡು ತೆವಳುತ್ತಿರುತ್ತದೆ, ಸಣ್ಣ ಉಬ್ಬು ಸಾಕು ದಾರಿ ತಪ್ಪಲು. ಮೊದಲಾದರೆ ನಿಯಮವೇ ಅಡ್ಡ ಬರುತ್ತಿತ್ತು. ಗ್ರೀನ್ ಮೇಲೆ, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಚೆಂಡು ಬಿದ್ದ ಗುಂಡಿ ಸರಿಮಾಡಬಹುದಿತ್ತು, ಪಟ್ ಗೆರೆಯ ಮೇಲಿನ ಶೂ ಗುರುತನ್ನು ಮುಟ್ಟುವ ಹಾಗಿರಲಿಲ್ಲ. 2019ರಿಂದ ಅದಕ್ಕೂ ಅನುಮತಿ ಇದೆ. ಹಾಗಾಗಿ ಈಗ ನೆಪವೇ ಇಲ್ಲ. ಒಂದು ಹೆಜ್ಜೆ ದೂರ ನಿಲ್ಲಿ, ಕೈ ಚಾಚಿ ಚೆಂಡು ತೆಗೆಯಿರಿ, ಗುರುತು ಕಂಡರೆ ಪಟರ್ ತಳದಿಂದ ಮೆಲ್ಲಗೆ ತಟ್ಟಿ ಹೋಗಿ. ನಿಮ್ಮ ಹಿಂದೆ ಇನ್ನೂ ಜನ ಬರುತ್ತಾರೆ ಅಲ್ವಾ?

ನಿಯಮ ಅಂದಾಗ ನೆನಪಾಯಿತು. ಉದ್ದ ಪಟರ್‌ನ ತುದಿಯನ್ನು ಎದೆಗೋ ಹೊಟ್ಟೆಗೋ ಒತ್ತಿಕೊಂಡು ಹೊಡೆಯುವುದನ್ನು 2016ರಿಂದ ನಿಷೇಧಿಸಿದ್ದಾರೆ. ಒಳ್ಳೆಯದೇ ಆಯಿತು, ಸ್ಟ್ರೋಕ್ ಅಂದರೆ ಕೈಯಲ್ಲಿ ಹಿಡಿದು ಬೀಸುವುದು. ಆದರೂ ಸಣ್ಣ ಪಟ್‌ಗೆ ಕೈ ನಡುಗುವವರನ್ನು ನೋಡಿದರೆ, ಬಿಟ್ಟಿದ್ದರೆ ಏನಾಗುತ್ತಿತ್ತು ಅನಿಸುತ್ತದೆ. ಉದ್ದ ಪಟರ್ ಈಗಲೂ ಬಳಸಬಹುದು, ತುದಿ ಮೈಗೆ ಒತ್ತಬಾರದು ಅಷ್ಟೇ... ಶಾಟ್ ಮುಗಿಯುತ್ತಿದೆ, ಅಭ್ಯಾಸಕ್ಕೆ ಬರೋಣ.

ಚೆಂಡಿನ ಮುಂದೆ ಒಂದಡಿ ದೂರದಲ್ಲಿ ಎರಡು ಟೀ (ಚೆಂಡು ಇಡುವ ಸಣ್ಣ ಮೊಳೆ) ಚುಚ್ಚಿದ್ದೇನೆ, ನಡುವೆ ಚೆಂಡಿಗಿಂತ ತುಸು ಜಾಸ್ತಿ ಜಾಗ. ಚೆಂಡು ತಾಗದೆ ದಾಟಿದರೆ ಮುಖ ಸರಿಯಿತ್ತು. ಟೀಗೆ ಬಡಿದರೆ ಹೋಲ್ ಕಡೆ ನೋಡುವುದೇ ಬೇಡ, ಮತ್ತೆ ಮುಖ ಇಟ್ಟು ಶುರು ಮಾಡಿ. ಇಳಿಜಾರಿನ ಪಟ್ ಮುಂದಿನ ವಿಡಿಯೊದಲ್ಲಿ, ಬ್ಯಾಟರಿ ಕೆಂಪಾಗಿದೆ.